ಹೆಸರು ಹೇಳಿದವರ ಸರದಿ

ಏಪ್ರಿಲ್ ತಿಂಗಳ ಒಂದು ಗುರುವಾರ ನನ್ನ ಗಂಡ ರೈಮೊ ಬಟಾಣಿ ಸೂಪಿಗೆ ಸಾಸಿವೆ ಕಲಸಿಕೊಳ್ಳುತ್ತಾ, ಸೊಸೆಯ ಡಾಕ್ಟರೇಟ್ ಪ್ರಬಂಧದ ನಾಲ್ಕನೇ ಅಧ್ಯಾಯ ನಿಲ್ಲುವುದಿಲ್ಲ ಎಂದ. ಸೂಪಿಗೆ ಉಪ್ಪು ಕಡಿಮೆ ಎನ್ನುವಷ್ಟೇ ಸಾವಧಾನವಾಗಿ ಹೇಳಿದ. ಸೊಸೆ ಸಿನಿ ತನ್ನ ಮಗಳು ಲೂಮಿಯ ಬಟ್ಟಲಿನಿಂದ ಮಾಂಸದ ತುಂಡುಗಳನ್ನು ಹೆಕ್ಕಿ ತನ್ನ ಬಟ್ಟಲಿಗೆ ಹಾಕಿಕೊಳ್ಳುತ್ತಿದ್ದಳು. ಕೈ ನಿಲ್ಲಿಸದೆಯೇ ಯಾಕೆ ನಿಲ್ಲುವುದಿಲ್ಲ ಎಂದು ಕೇಳಿದಳು.

"ಮುನ್ನೂರಿಪ್ಪತ್ತು ಡಿಗ್ರೀಲಿ ಬೆಳೆಸಿದ್ದು ಪದರ ಅಲ್ಲ. ತಣ್ಣಗಿನ ಒಲೇಲಿಟ್ಟ ರೊಟ್ಟಿ ಅದು. ಮೇಲೆ ಚೆಂದ, ಒಳಗೆ ಹಸಿ ಹಿಟ್ಟು."

"ಬಿಸ್ಮತ್ ಲೋಹ ಬಿಸಿ ತಡೆಯಲ್ಲ. ನಿಮ್ಮ ಆರುನೂರರಲ್ಲಿ ಇಟ್ರೆ ಅದು ಒಳಗೆ ಕೂರೋದೇ ಇಲ್ಲ, ಮೇಲೆ ಬಂದು ಹನಿಹನಿ ಆಗಿ ನಿಲ್ಲುತ್ತೆ. ಎಷ್ಟು ಸಲ ಹೇಳಲಿ ಮಾವ."

ಅವಳು ಮಾವ ಎಂದಳೆಂದರೆ ಸಿಟ್ಟು ಬಂದಿದೆ ಎಂದು ತಿಳಿಯಬೇಕು. ಉಳಿದ ಹೊತ್ತೆಲ್ಲ ಮದುವೆಗೆ ಮುಂಚಿನ ಹಾಗೆ 'ಪ್ರೊಫೆಸರೇ' ಎಂದೇ ಕರೆಯುವವಳು. ನನ್ನ ಮಗ ಒಸ್ಸಿ ಟ್ರ್ಯಾಮ್ ಓಡಿಸುತ್ತಾನೆ. ಅವತ್ತು ಬೆಳಗಿನ ಪಾಳಿ ಮುಗಿಸಿ ಬಂದು ಎರಡನೇ ಬಟ್ಟಲು ತುಂಬಿಸಿಕೊಂಡಿದ್ದ. ಈ ಜಗಳ ಬಂದಾಗಲೆಲ್ಲ ಅವನು ಒಂದೇ ಮಾತು ಹೇಳುತ್ತಿದ್ದ, ಆವತ್ತೂ ಹೇಳಿದ. "ನಿಮ್ಮಿಬ್ಬರ ಯಂತ್ರ ಗಂಟೆಗೆ ಒಂದು ಮೈಕ್ರಾನ್ ಓಡುತ್ತೆ. ನಂದು ಎಪ್ಪತ್ತು ಕಿಲೋಮೀಟರ್. ಆದ್ರೂ ಮನೇಲಿ ಅವಸರ ನಿಮ್ಮಿಬ್ಬರಿಗೇ."

ಯಾರೂ ನಗಲಿಲ್ಲ. ನಾನು ಒಲೆಯಿಂದ ಪ್ಯಾನ್‌ಕೇಕಿನ ತಟ್ಟೆ ತೆಗೆದು ಜಾಮಿನ ಜೊತೆ ಮೇಜಿನ ಮಧ್ಯೆ ಇಟ್ಟೆ. ಸಿಹಿ ಬಾಯಲ್ಲಿದ್ದರೆ ಮಾತು ಕಮ್ಮಿಯಾಗುತ್ತದೆ ಎನ್ನುವುದನ್ನು ನಾನು ಕೆಲಸ ಮಾಡುತ್ತಿದ್ದ ಶಾಲೆಯ ಅಡುಗೆಮನೆಯಲ್ಲಿ ಕಲಿತದ್ದು. ಸಿನಿ ಒಂದು ತುಂಡನ್ನೂ ಮುಟ್ಟದೆ ಎದ್ದು ಪಾತ್ರೆ ತೊಳೆಯಲು ಹೋದಳು.

ಆ ಮೇಜಿನ ಕಥೆ ಒಂದಿಷ್ಟು ಹೇಳಬೇಕು. ರೈಮೊ ಮೂವತ್ತು ವರ್ಷ ಅರೆವಾಹಕಗಳ ಮೇಲೆ ಡಾಕ್ಟರೇಟ್ ಮಾಡುವವರನ್ನು ತಯಾರು ಮಾಡಿದವನು. ಗ್ಯಾಲಿಯಂ ಆರ್ಸೆನೈಡಿನ ತೆಳು ಬಿಲ್ಲೆಯ ಮೇಲೆ, ಗಾಳಿಯ ಒಂದು ಕಣವೂ ಇಲ್ಲದ ಉಕ್ಕಿನ ಡಬ್ಬಿಯೊಳಗೆ, ಪರಮಾಣುಗಳನ್ನು ಒಂದರ ಮೇಲೊಂದು ಸಾಲಾಗಿ ಕೂರಿಸುವ ವಿದ್ಯೆ. ಈಗ ಹೆರ್ವಂತದ ಗುಡ್ಡದ ಮೇಲೆ ವಿಶ್ವವಿದ್ಯಾಲಯದ ಗಾಜಿನ ಕಟ್ಟಡಗಳಿವೆ. ಆಗ ಇದ್ದದ್ದು ಒಂದು ನೆಲಮಾಳಿಗೆ, ಇಬ್ಬರು ಹುಡುಗರು, ಅವರೇ ಅಲ್ಲಿಂದ ಇಲ್ಲಿಂದ ತಂದು ಜೋಡಿಸಿದ ಒಂದು ಯಂತ್ರ. ಅದನ್ನು ಶುರುಮಾಡುವ ಮುಂಚೆ ಕ್ರಿಸ್ಮಸ್ಸಿನ ಹ್ಯಾಮಿಗೆ ಸುತ್ತುವ ಹಾಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ದಿನಗಟ್ಟಲೆ ಕಾಯಿಸಬೇಕಿತ್ತು. ಬಿಟ್ಟು ಬರುವಂತಿರಲಿಲ್ಲ. ಹುಡುಗರು ಒಣ ಬ್ರೆಡ್ಡು ತಿಂದುಕೊಂಡು ಕಾವಲು ಕೂರುತ್ತಿದ್ದರು. ನಾನು ಶಾಲೆಯಲ್ಲಿ ಮಿಕ್ಕ ಗುರುವಾರದ ಬಟಾಣಿ ಸೂಪನ್ನು ಹಾಲಿನ ಕ್ಯಾನಿನಲ್ಲಿ ತುಂಬಿಸಿಕೊಂಡು ಸೈಕಲ್ಲಿನ ಹ್ಯಾಂಡಲಿಗೆ ತೂಗುಹಾಕಿ ಒಯ್ದೆ. ಮುಂದಿನ ವಾರವೂ ಒಯ್ದೆ. ಆಮೇಲೆ ಹಿಮ ಬಿತ್ತು, ಸೈಕಲ್ ಜಾರತೊಡಗಿತು. ನೀವೇ ಮನೆಗೆ ಬನ್ನಿ ಎಂದೆ. ಅಷ್ಟೇ, ಗುರುವಾರ ನಮ್ಮ ಮನೆಯದಾಯಿತು.

ಎಂತೆಂಥವರು ಬಂದು ಕೂತು ಹೋದರು. ಒಬ್ಬ ಉತ್ತರದ ಹಿಮಸಾರಂಗದ ನಾಡಿನವನು, ಮೊದಲ ಚಳಿಗಾಲವಿಡೀ ಕೇಳಿದ್ದಕ್ಕೆ ಹೂಂ ಬಿಟ್ಟು ಬೇರೆ ಮಾತಾಡಲಿಲ್ಲ. ಒಬ್ಬಳು ಹನೋಯಿಯಿಂದ ಬಂದವಳು ನನ್ನ ಸೂಪಿಗೆ ಮೆಣಸಿನಕಾಯಿ ಹಾಕಲು ಕಲಿಸಿದಳು. ಅವರ ವಿಜ್ಞಾನ ನನಗೆ ತಿಳಿಯದು. ಅವರು ಉಣ್ಣುವ ರೀತಿ ತಿಳಿಯುತ್ತಿತ್ತು. ಪದರ ಚೆನ್ನಾಗಿ ಬಂದವನು ನಿಂತಲ್ಲೇ ಕುಡಿದು ಪ್ರಯೋಗಾಲಯಕ್ಕೆ ಓಡುತ್ತಿದ್ದ. ಯಂತ್ರದೊಳಕ್ಕೆ ಗಾಳಿ ಬಿಟ್ಟುಕೊಂಡವನು ಬಟಾಣಿಯನ್ನು ಒಂದೊಂದಾಗಿ ತಿನ್ನುತ್ತಿದ್ದ, ಇನ್ನು ಮೂರು ವಾರ ಅವನಿಗೆ ಕಾಯುವುದಲ್ಲದೆ ಬೇರೆ ಕೆಲಸವಿರಲಿಲ್ಲ. ರೈಮೊ ಬೈಯುತ್ತಿರಲಿಲ್ಲ. ಎರಡನೇ ಬಟ್ಟಲಿನ ಹೊತ್ತಿಗೆ, ಗಾಳಿ ನುಗ್ಗಿದ್ದು ಯಾವ ಕವಾಟದಿಂದ ಎಂದು ಕೇಳುತ್ತಿದ್ದ. ಹುಡುಗ ಹೇಳುತ್ತಿದ್ದ. ಎಲ್ಲರೂ ತಮ್ಮ ತಮ್ಮ ಕವಾಟದ ಕಥೆ ಹೇಳುತ್ತಿದ್ದರು. ಹೋಗುವಾಗ ಅವನ ಮುಖ ಬೇರೆಯಾಗಿರುತ್ತಿತ್ತು. ಈಗಲೂ ಗುರುವಾರ ಬಾಗಿಲ ಬಳಿ ಒದ್ದೆ ಬೂಟುಗಳ ಸಾಲು ಕಾಣದಿದ್ದರೆ ನನಗೆ ಮನೆ ಖಾಲಿ ಅನಿಸುತ್ತದೆ.

ಸಿನಿ ರೈಮೊ ತೆಗೆದುಕೊಂಡ ಕೊನೆಯ ವಿದ್ಯಾರ್ಥಿನಿ. ಎರಡನೇ ವರ್ಷದಲ್ಲಿ ಒಂದು ಗುರುವಾರ ಒಸ್ಸಿ ಪಾಳಿ ಮುಗಿಸಿ ಬಂದು, ಅವಳು ತನಗೆಂದು ಎತ್ತಿಟ್ಟಿದ್ದ ಪ್ಯಾನ್‌ಕೇಕ್ ತಿಂದುಬಿಟ್ಟ. ಅಲ್ಲಿಂದ ಶುರುವಾದದ್ದು ಮದುವೆಗೆ ಬಂತು. ಮಾವ ಸೊಸೆಗೆ ಮಾರ್ಗದರ್ಶಕ ಆಗುವಂತಿಲ್ಲ, ಅದು ವಿಶ್ವವಿದ್ಯಾಲಯದ ನಿಯಮ. ರೈಮೊ ಅವಳನ್ನು ಟೇಮುಗೆ ಒಪ್ಪಿಸಿದ. ಟೇಮು ಕೂಡ ಇದೇ ಮೇಜಿನಲ್ಲಿ ಬೆಳೆದ ಹುಡುಗ, ಈಗ ತಾನೇ ಪ್ರೊಫೆಸರ್. ಕಚೇರಿಯಲ್ಲಿ ಗುರು ಬದಲಾದ. ಮನೆಯಲ್ಲಿ ಮೇಜು ಬದಲಾಗಲಿಲ್ಲ. ಸಿನಿ ಕೇಳುತ್ತಿದ್ದಳು, ರೈಮೊ ಹೇಳುತ್ತಿದ್ದ. ನಿವೃತ್ತಿಯಾದ ಮೇಲಂತೂ ಅವಳು ಕೇಳದಿದ್ದರೂ ಹೇಳುತ್ತಿದ್ದ.

ಆ ಗುರುವಾರದ ಮಾರನೆಯ ದಿನದಿಂದ ಸಿನಿ ರಾತ್ರಿಯೂಟಕ್ಕೆ ಬರುವುದನ್ನು ಬಿಟ್ಟಳು. ಅಳತೆ ಬಾಕಿಯಿದೆ ಎಂದು ಸಂದೇಶ ಬರುತ್ತಿತ್ತು. ನಾನು ಡಬ್ಬಿ ಕಟ್ಟಿ ಒಸ್ಸಿಯ ಕೈಗೆ ಕೊಡುತ್ತಿದ್ದೆ. ಅವನು ಹೆರ್ವಂತದ ನಿಲ್ದಾಣದಲ್ಲಿ ಟ್ರ್ಯಾಮ್ ಬಾಗಿಲು ತೆರೆದಾಗ ಅವಳು ಬಂದು ಇಸಿದುಕೊಳ್ಳುತ್ತಿದ್ದಳು. ಪ್ರಯಾಣಿಕರು ಅದನ್ನು ನೋಡಿ ನಗುತ್ತಿದ್ದರಂತೆ. ಲೂಮಿಯನ್ನು ಶಿಶುವಿಹಾರದಿಂದ ಕರೆತರುವುದು, ಅವಳ ಒದ್ದೆ ಕೈಗವಸುಗಳನ್ನು ಒಣಗಿಸುವುದು, ಎರಡೂ ರೈಮೊನ ಪಾಲಿಗೆ ಬಿತ್ತು. ಅದನ್ನು ಅವನು ಚೆನ್ನಾಗಿಯೇ ಮಾಡಿದ. ಬಾಯಿ ಮಾತ್ರ ನಿಲ್ಲಲಿಲ್ಲ. ಸಿನಿ ಇಲ್ಲದ ಮೇಜಿನಲ್ಲಿಯೂ ನಾಲ್ಕನೇ ಅಧ್ಯಾಯ ಬರುತ್ತಿತ್ತು.

ಒಂದು ಸಂಜೆ ಒಸ್ಸಿ ಸಾಸೇಜ್ ಹುರಿಯುತ್ತಿದ್ದ. ರೈಮೊ ಅವನ ಬೆನ್ನಿಗೆ, ಉರಿ ಸಣ್ಣದು ಮಾಡಿಕೊಂಡರೆ ಒಳಗೆ ಬೇಯುವುದಿಲ್ಲ, ನಿನ್ನ ಹೆಂಡತಿಯ ಪದರದ ಹಾಗೆಯೇ, ಎಂದ. ಒಸ್ಸಿ ಬಾಣಲೆಯನ್ನು ಬದಿಗಿಟ್ಟ.

"ಅಪ್ಪ, ಅವಳಿಗೆ ಇನ್ನು ಆರು ವಾರ ಇದೆ. ಹೊರಗಿನ ಇಬ್ಬರು ಓದಿ ಒಪ್ಪಿದಾರೆ. ಟೇಮು ಒಪ್ಪಿದಾನೆ. ನೀನೊಬ್ಬ ಒಪ್ಪದೇ ಇದ್ರೆ ಏನಾಗುತ್ತೆ?"

"ಏನೂ ಆಗಲ್ಲ."

"ಹಾಗಾದ್ರೆ ಅವಳ್ಯಾಕೆ ಮನೇಲಿ ಊಟ ಮಾಡ್ತಿಲ್ಲ?"

ರೈಮೊ ಬಾಣಲೆಯನ್ನು ಮತ್ತೆ ಒಲೆಗಿಟ್ಟು ಉರಿ ದೊಡ್ಡದು ಮಾಡಿದ. ಆವತ್ತು ಸಾಸೇಜ್ ಹೊರಗೆ ಕಪ್ಪಾಗಿ ಒಳಗೆ ತಣ್ಣಗೇ ಇತ್ತು. ಮೂವರೂ ಅದನ್ನೇ ತಿಂದೆವು.

ಮೇ ಮೊದಲ ದಿನ ನಮ್ಮಲ್ಲಿ ಹಬ್ಬ. ಬಿಳಿ ಟೋಪಿ ಹಾಕಿಕೊಂಡು ಜನ ಬೀದಿಗಿಳಿಯುತ್ತಾರೆ, ನಾನು ನಿಂಬೆಯ ಪಾನಕ ಹುಳಿಬರಿಸಿ ಡೋನಟ್ ಕರಿಯುತ್ತೇನೆ. ಹಳೆಯ ವಿದ್ಯಾರ್ಥಿಗಳು ಊರಲ್ಲಿದ್ದರೆ ಬಂದು ಹೋಗುತ್ತಾರೆ. ಒಂದು ಕಾಲದಲ್ಲಿ ಅಂಗಳ ಹಿಡಿಸುತ್ತಿರಲಿಲ್ಲ. ಬೆಳೆದ ಗಂಡಸರು ಬಣ್ಣದ ಕಾಗದದ ಸುರುಳಿಗಳನ್ನು ಕೊರಳಿಗೆ ಸುತ್ತಿಕೊಂಡು ಹಬೆಸ್ನಾನದ ಸೌನಾ ಮನೆಯ ಮೆಟ್ಟಿಲ ಮೇಲೆ ಹಾಡುತ್ತಿದ್ದರು. ಈ ಸಲ ಬಂದದ್ದು ಟೇಮು ಒಬ್ಬನೇ. ಸಿನಿ ಹಬ್ಬದ ದಿನವೂ ಪ್ರಯೋಗಾಲಯದಲ್ಲಿದ್ದಳು. ಟೇಮು ಮೂರು ಡೋನಟ್ ತಿಂದು, ಕೈ ಒರೆಸಿಕೊಂಡು, ರೈಮೊನನ್ನು ಅಂಗಳದ ಮೂಲೆಗೆ ಕರೆದೊಯ್ದು ಫೋನಿನಲ್ಲಿ ಏನನ್ನೋ ತೋರಿಸಿದ. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ರೈಮೊ ಕನ್ನಡಕ ತೆಗೆದ, ಹಾಕಿದ, ಫೋನನ್ನು ತಾನೇ ಹಿಡಿದುಕೊಂಡು ಬೆರಳಿನಿಂದ ದೊಡ್ಡದು ಮಾಡಿ ನೋಡಿದ. ಒಳಗೆ ಬಂದಾಗ ಮೀಸೆಗೆ ಸಕ್ಕರೆ ಮೆತ್ತಿಕೊಂಡಿತ್ತು. ಏನೆಂದು ಕೇಳಿದೆ. ಸಿನಿಯ ಪದರದ ಅಳತೆ ಎಂದ. ಹೇಗಿದೆ ಎಂದೆ. ಇದೆ ಎಂದ. ಆಮೇಲೆ ಯಾರೂ ಹೇಳದೆಯೇ ಮನೆಯ ಕಿಟಕಿಗಳನ್ನೆಲ್ಲ ತೊಳೆದ.

ನಾನು ಅವನನ್ನು ಬಲ್ಲೆ. ಕಿಟಕಿ ತೊಳೆದನೆಂದರೆ ತನ್ನದು ತಪ್ಪೆಂದು ತಿಳಿದಿದೆ. ಅಂದಿನಿಂದ ನಾಲ್ಕನೇ ಅಧ್ಯಾಯದ ಮಾತು ಮೇಜಿನ ಮೇಲೆ ಬರಲಿಲ್ಲ. ಸಂಜೆಯಾದರೆ ಒಂದು ಕಾಗದ, ಸೀಸದ ಕಡ್ಡಿ ಹಿಡಿದು ಸೌನಾದ ಹೊರಕೋಣೆಯಲ್ಲಿ ಕೂರುತ್ತಿದ್ದ. ಟವೆಲ್ ಕೊಡಲು ಹೋದವಳು ಕೇಳಿದೆ. ಕರೋಂಕಕ್ಕೆ ಮಾತು ಬರೀತಿದೀನಿ, ಅವಳಿಗೆ ಹೇಳಬೇಡ, ಎಂದ.

ಕರೋಂಕ ಎಂದರೆ ಪ್ರಬಂಧದ ಸಾರ್ವಜನಿಕ ವಾದ ಮುಗಿದ ಸಂಜೆ ಹೊಸ ಡಾಕ್ಟರು ಕೊಡುವ ಊಟ. ಅದಕ್ಕೊಂದು ಕ್ರಮವಿದೆ. ಡಾಕ್ಟರು ಎದ್ದು ಒಬ್ಬೊಬ್ಬರ ಹೆಸರು ಹೇಳಿ ಧನ್ಯವಾದ ಹೇಳಬೇಕು. ಮೊದಲು ವಾದಕ್ಕೆ ಬಂದ ಎದುರಾಳಿ, ಆಮೇಲೆ ಗುರುಗಳು, ಜೊತೆಗಾರರು, ಕೊನೆಗೆ ಮನೆಯವರು. ಹೆಸರು ಹೇಳಿಸಿಕೊಂಡವರು ಅದೇ ಸಾಲಿನಲ್ಲಿ ಎದ್ದು ಉತ್ತರ ಹೇಳುತ್ತಾರೆ. ಬೇರೆ ಕಡೆ ಕೊನೆಯಲ್ಲಿ ಯಾರು ಬೇಕಾದರೂ ಎರಡು ಮಾತಾಡಬಹುದು. ರೈಮೊನ ಬಳಗದಲ್ಲಿ ಆ ಬಾಗಿಲು ಎಂದೋ ಮುಚ್ಚಿತ್ತು. ಮೂರನೇ ಹುಡುಗನ ಊಟದಲ್ಲಿ ಅವನ ಸೋದರಮಾವ ಯಾರೂ ಕರೆಯದೆ ಎದ್ದು ಕಡವೆ ಬೇಟೆಯ ಕಥೆ ಹಿಡಿದು, ಕಾಫಿ ಆರಿ, ಕೇಕು ಒಣಗಿ, ಎದುರಾಳಿಯ ರೈಲು ತಪ್ಪುವವರೆಗೂ ಬಿಡಲಿಲ್ಲ. ಇನ್ನು ಮೇಲೆ ಡಾಕ್ಟರು ಹೆಸರು ಹೇಳದಿದ್ದವರು ಬಾಯಿ ತೆರೆಯುವಂತಿಲ್ಲ ಎಂದು ರೈಮೊನೇ ಕಟ್ಟು ಮಾಡಿದ. ಇಪ್ಪತ್ತು ಊಟಗಳಲ್ಲಿ ಅದು ನಡೆದುಬಂದಿತ್ತು.

ಮೇ ಕೊನೆಯ ಭಾನುವಾರ ಸಿನಿ ಮನೆಯಲ್ಲಿದ್ದಳು. ಇಬ್ಬರೂ ಹೊಸ ಆಲೂಗಡ್ಡೆ ಉಜ್ಜುತ್ತಾ ಕೂತಿದ್ದೆವು. ಅವಳು ಅರ್ಧ ಬಕೆಟ್ ಮುಗಿಸಿ, ಮಾವನನ್ನು ಯಾವ ಸಾಲಿನಲ್ಲಿ ನಿಲ್ಲಿಸಲಿ ಎಂದು ಕೇಳಿದಳು. ಗುರುಗಳ ಸಾಲಿನಲ್ಲಿ ಎಂದೆ. ಹಾಗೆ ಮಾಡಿದರೆ ಟೇಮು ಏನೆಂದುಕೊಂಡಾನು, ನಾಲ್ಕು ವರ್ಷ ಗುರುವಾಗಿದ್ದವನು ಅವನು, ನಿಯಮ ಮುರಿದು ಮನೆಯಲ್ಲಿ ಪಾಠ ನಡೀತಿತ್ತು ಅಂತ ನಾನೇ ಎಲ್ಲರೆದುರು ಸಾರಿದಂತಾಗುತ್ತದೆ, ಎಂದಳು.

"ಹಾಗಾದ್ರೆ ಮನೆಯವರ ಸಾಲಲ್ಲಿ ನಿಲ್ಲಿಸು."

"ಲೂಮಿ ಪಕ್ಕ ನಿಂತ್ಕೊಂಡು, ಸೊಸೆ ಒಳ್ಳೆಯವಳು ಅಂತ ಹೇಳಿ ಕೂತ್ಕೋತಾರಾ?" ಅವಳು ಆಲೂಗಡ್ಡೆಯನ್ನು ನೀರಿಗೆ ಹಾಕಿದಳು. "ಅತ್ತೆ, ಟೇಮು ತೋರಿಸಿದ ಅಳತೆ ಅವರು ನೋಡಿದಾರಂತೆ. ಹಬ್ಬದ ದಿನಾನೇ ನೋಡಿದಾರೆ. ಒಂದ್ ಮಾತು ಹೇಳ್ಲಿಲ್ಲ. ಸರಿ ಅಂತಾನೂ ಇಲ್ಲ, ತಪ್ಪು ಅಂತಾನೂ ಇಲ್ಲ. ಎದುರಾಳಿ ಏನ್ ಕೇಳ್ತಾರೋ ಅನ್ನೋ ಭಯ ನಂಗಿಲ್ಲ. ಇವರ ಬಾಯಿಂದ ಒಂದು ಸರಿ ಬಂದಿದ್ರೆ ಸಾಕಿತ್ತು."

ಗಂಡ ಹೇಳಬೇಡ ಎಂದಿದ್ದ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಕಾದು ನೋಡು ಎಂದಷ್ಟೇ ಹೇಳಿದೆ. ಮುಂದಿನ ದಿನಗಳಲ್ಲಿ ಅವಳು ಆ ಹೆಸರನ್ನು ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಎತ್ತಿಡುತ್ತಿದ್ದಳು ಎನ್ನುವುದು ಒಸ್ಸಿಯಿಂದ ತಿಳಿಯುತ್ತಿತ್ತು. ಬೆಳಗ್ಗೆ ಗುರುಗಳ ಸಾಲು, ಸಂಜೆ ಮನೆಯವರ ಸಾಲು. ಒಸ್ಸಿಗೆ ತಲೆ ಚಿಟ್ಟುಹಿಡಿದು, ಎಲ್ಲಾದರೂ ಒಂದು ಕಡೆ ಇಡು ಮಾರಾಯ್ತಿ, ಜಾಗ ಬದಲಿಸ್ತಾ ಇರೋಕೆ ಅಪ್ಪ ಏನು ಪಿಯಾನೋನಾ, ಎಂದನಂತೆ.

ಜೂನ್ ಮೊದಲ ವಾರ ವಾದ ನಡೆಯಿತು. ಕಪ್ಪು ಬಟ್ಟೆ ಹಾಕಿಕೊಂಡು ಸಿನಿ ಮುಂದೆ, ಅವಳ ಹಿಂದೆ ಟೇಮು, ಅವನ ಹಿಂದೆ ಎದುರಾಳಿ ಸಭಾಂಗಣಕ್ಕೆ ಬಂದರು. ಎದುರಾಳಿ ಲುಂಡ್ ವಿಶ್ವವಿದ್ಯಾಲಯದಿಂದ ಬಂದಿದ್ದ ಬಿಳಿಗೂದಲ ಹೆಂಗಸು, ದನಿ ಮೆತ್ತಗೆ, ಪ್ರಶ್ನೆ ಗಟ್ಟಿ. ನಾಲ್ಕನೇ ಅಧ್ಯಾಯ ಬಂದಾಗ ರೈಮೊ ಎರಡೂ ಕೈಗಳನ್ನು ತೊಡೆಗಳ ಕೆಳಗೆ ಇಟ್ಟುಕೊಂಡ. ಮುನ್ನೂರಿಪ್ಪತ್ತು ಡಿಗ್ರಿಯ ಬಗ್ಗೆ ಆಕೆ ಹಿಂದಿನಿಂದ ಕೇಳಿದಳು, ಮುಂದಿನಿಂದ ಕೇಳಿದಳು, ಪಕ್ಕದಿಂದ ಕೇಳಿದಳು. ಸಿನಿ ಒಂದು ಕಡೆಯೂ ತಡವರಿಸಲಿಲ್ಲ. ಅರ್ಥವಾಗದಿದ್ದರೂ ನನಗೆ ಗೊತ್ತಾಯಿತು, ಆ ಪ್ರಶ್ನೆಗಳನ್ನೆಲ್ಲ ಅವಳು ನಮ್ಮ ಮೇಜಿನಲ್ಲಿ ಇನ್ನೂ ಕೆಟ್ಟ ದನಿಯಲ್ಲಿ ಕೇಳಿಸಿಕೊಂಡಿದ್ದಳು. ಕೊನೆಗೆ ಆಕೆ ಎದ್ದು ನಿಂತು ಈ ಪ್ರಬಂಧವನ್ನು ಒಪ್ಪಬೇಕೆಂದು ಹೇಳಿದಾಗ ಲೂಮಿ ಕಾಫಿಗೆ ಹೋಗೋಣವಾ ಎಂದು ಕೇಳಿದಳು.

ಸಂಜೆಯ ಊಟ ಸರೋವರದ ದಂಡೆಯ ಹಳೆಯ ಕಾರ್ಖಾನೆಯ ಊಟದ ಮನೆಯಲ್ಲಿ. ಸಾಲ್ಮನ್, ಸಬ್ಬಸಿಗೆ ಹಾಕಿದ ಆಲೂಗಡ್ಡೆ, ನಾನು ಮಾಡಿ ತಂದ ಕೇಕು. ಮೂವತ್ತು ಜನ ಇದ್ದಿರಬಹುದು, ಅದರಲ್ಲಿ ಅರ್ಧ ನಮ್ಮ ಗುರುವಾರದವರೇ. ತಲೆ ಬೋಳಾಗಿದೆ, ಹೊಟ್ಟೆ ಬಂದಿದೆ, ಆದರೆ ಯಾರು ಆಲೂಗಡ್ಡೆ ಸಿಪ್ಪೆ ಸುಲಿದು ತಿನ್ನುತ್ತಾರೆ, ಯಾರು ಹಾಗೇ ತಿನ್ನುತ್ತಾರೆ ಎನ್ನುವುದು ಬದಲಾಗಿರಲಿಲ್ಲ. ರೈಮೊ ಹಳೆಯ ಬಾಲದಂಗಿ, ಹಿಂದೆ ಬಾಲ ಇಳಿಬಿದ್ದ ಕರಿ ಕೋಟು, ಹಾಕಿಕೊಂಡು ಮೇಜಿನ ಆ ತುದಿಯಲ್ಲಿ ಕೂತಿದ್ದ. ಮುಂದೆ ಇನ್ನು ಇಂಥ ಊಟವಿಲ್ಲ. ಅವನು ತೆಗೆದುಕೊಂಡವರಲ್ಲಿ ಇವಳೇ ಕೊನೆಯವಳು.

ಮೀನಿನ ತಟ್ಟೆ ತೆಗೆದ ಮೇಲೆ ಸಿನಿ ಎದ್ದಳು. ಎದುರಾಳಿಯ ಹೆಸರು ಹೇಳಿದಳು. ಟೇಮುವಿನ ಹೆಸರು ಹೇಳಿ, ನಾಲ್ಕು ವರ್ಷ ತನ್ನನ್ನು ತಡೆಯದೆ ಬಿಟ್ಟದ್ದಕ್ಕೆ ಎಂದಳು. ರೈಮೊನ ಕೈ ಅಂಗಿಯ ಒಳಜೇಬಿಗೆ ಹೋಯಿತು. ಅವಳು ಪ್ರಬಂಧ ಓದಿದ ಇಬ್ಬರಿಗೆ ಬಂದಳು, ಜೊತೆಗಾರರಿಗೆ ಬಂದಳು. ಕೈ ಖಾಲಿ ಹೊರಗೆ ಬಂತು. ಮನೆಯವರ ಸಾಲು ಶುರುವಾಯಿತು. ತಾಯಿ, ಒಸ್ಸಿ, ಲೂಮಿ. ಕೈ ಮತ್ತೆ ಜೇಬಿಗೆ ಹೋಯಿತು. "ಕೊನೆಗೆ ನನ್ನ ಅತ್ತೆ ಹಿಲ್ಕ, ಅವರ ಎಲ್ಲ ಗುರುವಾರಗಳಿಗೆ," ಎಂದು ಗ್ಲಾಸ್ ಎತ್ತಿ, ಕುಡಿದು, ಸಿನಿ ಕೂತುಬಿಟ್ಟಳು.

ರೈಮೊ ಕೈ ಹೊರಗೆ ತೆಗೆದು ತನ್ನ ಮುಂದಿನ ಫೋರ್ಕನ್ನು ನೇರ ಮಾಡಿದ.

ಒಸ್ಸಿ ನನ್ನ ಕಿವಿಯಲ್ಲಿ, ಅಮ್ಮ, ಅಪ್ಪನ ಹೆಸರು, ಎಂದ. ಸುಮ್ಮನಿರು ಎಂದೆ. ಎದುರಾಳಿ ಎದ್ದು ಉತ್ತರ ಹೇಳಿದಳು. ಟೇಮು ಹೇಳಿದ, ಕೂರುವ ಮುಂಚೆ ರೈಮೊನ ಕಡೆ ಬಾಗಿ, ಕಟ್ಟು ಇವತ್ತೊಂದು ದಿನ ಬಿಡೋಣ ಎಂದ. ರೈಮೊ ಬೇಡವೆಂದು ತಲೆಯಾಡಿಸಿ, ಕಟ್ಟು ನಂದೇ, ಎಂದ. ಸಾಲು ಮುಂದೆ ಹೋಯಿತು. ಒಸ್ಸಿ ಎದ್ದು ಪಿಯಾನೋ ಎನ್ನುವ ಮಾತನ್ನು ಎತ್ತಿದ ಕ್ಷಣ ಸಿನಿಯ ಮುಖ ನೋಡಿದೆ. ಅವಳು ರೈಮೊನನ್ನು ನೋಡಿದಳು, ಆಮೇಲೆ ಅಂಗೈಯಲ್ಲಿದ್ದ ಹೆಸರಿನ ಪಟ್ಟಿಯನ್ನು, ಆಮೇಲೆ ನನ್ನನ್ನು. ಮಾವನ ಹೆಸರು ಬಿಟ್ಟುಹೋದದ್ದು ಆಗ ಅವಳಿಗೆ ಹೊಳೆಯಿತು. ಉತ್ತರಗಳು ಮುಗಿಯುವವರೆಗೆ ಡಾಕ್ಟರು ಮತ್ತೆ ಏಳುವಂತಿಲ್ಲ. ಅವಳ ಮುಖ ಕುತ್ತಿಗೆಯವರೆಗೆ ಕೆಂಪೇರಿತು.

ಕೊನೆಯ ಸರದಿ ನನ್ನದು. ಅಷ್ಟು ವರ್ಷಗಳ ಅಷ್ಟು ಊಟಗಳಲ್ಲಿ ನನ್ನ ಹೆಸರು ಬಂದಾಗಲೆಲ್ಲ ಎದ್ದು, ನಮಸ್ಕಾರ, ಕೇಕು ತಗೊಳ್ಳಿ, ಎಂದು ಹೇಳಿ ಕೂತವಳು ನಾನು. ಕೇಕು ಕೊಡುವ ಚಮಚ ಹಿಡಿದುಕೊಂಡೇ ಎದ್ದೆ.

ಬಡಿಸುವುದು ನನ್ನ ಕೆಲಸ, ಮಾತಾಡುವುದಲ್ಲ, ಎಂದೆ. ಆದರೆ ಹೊಸ ಡಾಕ್ಟರ ಬಗ್ಗೆ ಒಂದು ಕಥೆ ಇದೆ, ಅದು ಹೇಳದೇ ಇದ್ದರೆ ನನಗೆ ನಿದ್ದೆ ಬರಲಿಕ್ಕಿಲ್ಲ. "ಏಳು ವರ್ಷದ ಹಿಂದೆ ಒಂದು ದಿನ ರೈಮೊ ಮನೆಗೆ ಬಂದು ಹೇಳ್ದ. ಹೊಸ ಹುಡುಗಿ ಬಂದಿದಾಳೆ, ಮೊದಲನೇ ದಿನ ಊಟದ ಹೊತ್ತಿಗೇ ಎರಡು ಬಿಲ್ಲೆ ಒಡೆದ್ಲು ಅಂತ. ಒಂದೊಂದು ಬಿಲ್ಲೆ ಎಷ್ಟು ನಾಜೂಕು ಅಂತ ನಿಮಗೇ ಗೊತ್ತು. ಎರಡು ಒಡೆದ್ಲು. ನಾನು ಅಂದೆ, ಅಂಥ ಬೆಣ್ಣೆ ಕೈಯವಳಿಗೆ ನಮ್ಮ ಪಿಂಗಾಣಿ ಬಟ್ಟಲು ಕೊಡಲ್ಲ—"

"ಒಂದು," ಎಂದ ರೈಮೊ.

ನಾನು ಕೇಳಿಸದವಳಂತೆ, ಎರಡು ಬಿಲ್ಲೆ ಒಡೆದವಳು ಇವತ್ತು ಡಾಕ್ಟರ್ ಆದಳಲ್ಲ, ಎಂದು ಮುಂದುವರಿಸಿದೆ.

"ಹಿಲ್ಕ. ಅವಳು ಒಡೆದದ್ದು ಒಂದು."

"ನೀನು ಎರಡು ಅಂದ ಹಾಗಿತ್ತು."

"ಒಡೆದದ್ದು ಎರಡು. ಅವಳದು ಒಂದು. ಇನ್ನೊಂದು ನಂದು."

"ಈ ತುದಿಗೆ ಕೇಳಿಸ್ತಿಲ್ಲ," ಎಂದೆ. "ಎದ್ದು ಹೇಳು."

ಅವನು ಎದ್ದ. ಎದ್ದ ಮೇಲೆ ತಾನು ಎದ್ದಿದ್ದೇನೆ ಎಂದು ಗೊತ್ತಾಗಿ ಒಂದು ಸಲ ಬಾಗಿಲ ಕಡೆ ನೋಡಿದ. ನಾನು ಕೂತುಬಿಟ್ಟೆ. ಇಬ್ಬರು ನಿಂತುಕೊಂಡು ಮಾತಾಡುವುದು ಚೆಂದವಲ್ಲ.

"ಒಂದನ್ನ ಅವಳು ಬೀಳಿಸಿದ್ಲು," ಎಂದ ರೈಮೊ. "ಚಿಮಟದಲ್ಲಿ ಹೇಗೆ ಹಿಡೀಬೇಕು ಅಂತ ತೋರಿಸೋಕೆ ಹೋಗಿ ಇನ್ನೊಂದನ್ನ ನಾನು ಬೀಳಿಸ್ದೆ. ಅದನ್ನ ಇಲ್ಲೀವರೆಗೆ ಹೆಂಡ್ತಿ ಬಿಟ್ಟು ಯಾರಿಗೂ ಹೇಳಿಲ್ಲ. ಇವಳೂ ಹೇಳಿಲ್ಲ. ಮೊದಲನೇ ದಿನ ಬಿಲ್ಲೆ ಒಡೆದವರು ತುಂಬ ಜನ ಇದಾರೆ, ಇಲ್ಲೇ ಕೂತಿದೀರಿ. ಎಲ್ಲರೂ ಕ್ಷಮಿಸಿ ಅಂದ್ರಿ. ಇವಳು ಅನ್ಲಿಲ್ಲ. ನೆಲದಲ್ಲಿ ಕೂತು ಎರಡರ ಚೂರೂ ಜೋಡಿಸಿ, ಪ್ರೊಫೆಸರೇ, ಎರಡೂ ಗೆರೆ ಎಳೆದ ಹಾಗೆ ಒಂದೇ ಕಡೆಗೆ ಯಾಕೆ ಸೀಳಿದಾವೆ ಅಂತ ಕೇಳಿದ್ಲು. ಅವತ್ತು ಮನೆಗೆ ಬಂದು ನಾನು ಹೇಳಿದ್ದು ಇದನ್ನ. ಎಣಿಕೇನ ಅಲ್ಲ."

ಅವನ ಕೈ ಜೇಬಿನ ಹತ್ತಿರ ಹೋಗಿ ವಾಪಸ್ಸು ಬಂತು.

"ನಾಲ್ಕನೇ ಅಧ್ಯಾಯ ನಿಲ್ಲಲ್ಲ ಅಂತ ಊಟದ ಮೇಜಲ್ಲಿ ಹೇಳಿದ್ದೆ. ಮೇ ಮೊದಲನೇ ದಿನ ಟೇಮು ಅಳತೆ ತೋರಿಸ್ದ. ನಿಲ್ಲುತ್ತೆ. ನಂದು ತಪ್ಪು. ಅವತ್ತು ಸಂಜೇನೇ ಹೇಳ್ಬಹುದಿತ್ತು, ಎರಡು ಪದದ ಕೆಲಸ. ಅದನ್ನ ಚೆಂದ ಮಾಡಿ ಹೇಳ್ಬೇಕು ಅಂತ ಬರೀತಾ ಕೂತು ಐದು ವಾರ ಅವಳನ್ನ ಕಾಯಿಸ್ದೆ. ಊಟದ ಮೇಜಲ್ಲಿ ಆಡಿದ್ದನ್ನ ಊಟದ ಮೇಜಲ್ಲೇ ವಾಪಸ್ ತಗೋಬೇಕಿತ್ತು. ಈಗ ತಗೊಂಡೆ. ಸಿನಿ, ನಿನ್ನ ಪದರ ಸರಿ ಇದೆ."

ಕೂತ. ಕಾಗದ ಜೇಬಿನಲ್ಲೇ ಉಳಿಯಿತು.

ಉತ್ತರಗಳು ಮುಗಿದಿದ್ದವು. ಸಿನಿ ಎದ್ದಳು. ಅವರ ಹೆಸರನ್ನು ಗುರುಗಳ ಸಾಲಿಂದ ಮನೆಯವರ ಸಾಲಿಗೆ, ಅಲ್ಲಿಂದ ವಾಪಸ್ ಇಲ್ಲಿಗೆ ಎತ್ತಿಡುತ್ತಾ ಕೊನೆಗೆ ಎರಡು ಕಡೆಯಿಂದಲೂ ಎತ್ತಿಬಿಟ್ಟಿದ್ದೇನೆ ಎಂದಳು. ಎದುರಾಳಿ ಬಾಯಿಗೆ ಕರವಸ್ತ್ರ ಹಿಡಿದುಕೊಂಡು ನಕ್ಕಳು. ಟೇಮು ಕೂತಲ್ಲಿಂದಲೇ ಕೇಳಿದ, ಗುರುಗಳ ಸಾಲಿಂದ ತೆಗೆದದ್ದು ನನ್ನ ಭಯಕ್ಕಾ?

"ಹೌದು," ಎಂದಳು ಸಿನಿ.

"ನಿನ್ನ ಶುಕ್ರವಾರದ ಪ್ರಶ್ನೆಗಳೆಲ್ಲ ಗುರುವಾರದ ಸೂಪಿಂದ ಬರ್ತವೆ ಅಂತ ನಂಗೆ ಗೊತ್ತಿರ್ಲಿಲ್ವಾ? ನಾನೂ ಅದನ್ನೇ ಕುಡಿದು ಬೆಳೆದೋನು."

ಸಿನಿ ಗ್ಲಾಸ್ ಎತ್ತಿದಳು. "ನನ್ನ ಗುರು ರೈಮೊಗೆ," ಎಂದಳು. ಪ್ರೊಫೆಸರೇ ಅನ್ನಲಿಲ್ಲ, ಮಾವ ಅನ್ನಲಿಲ್ಲ. ಕುರ್ಚಿಗಳು ಸದ್ದು ಮಾಡಿದವು, ಎಲ್ಲರೂ ಎದ್ದರು. ರೈಮೊ ಒಬ್ಬನೇ ಕೂತಿದ್ದ, ಏನು ಮಾಡಬೇಕೆಂದು ತಿಳಿಯದೆ ಫೋರ್ಕನ್ನು ಮತ್ತೆ ನೇರ ಮಾಡುತ್ತಿದ್ದ. ಆಮೇಲೆ ಕಟ್ಟು ಕಳಚಿಹೋಯಿತು. ಉತ್ತರದ ಹುಡುಗ, ಈಗ ಐವತ್ತರ ಗಂಡಸು, ಯಾರೂ ಕೇಳದೆ ಎದ್ದು ತಾನು ಒಡೆದ ಬಿಲ್ಲೆಗಳ ಕಥೆ ಶುರುಮಾಡಿದ. ಅವನು ಮುಗಿಸುವ ಮುಂಚೆ ಇನ್ನೊಬ್ಬ ಎದ್ದ. ನಾನು ಕೇಕು ಕೊಯ್ದೆ.

ಮನೆಗೆ ಹೊರಟಾಗ ಸರೋವರದ ಮೇಲೆ ಇನ್ನೂ ಬೆಳಕಿತ್ತು, ಜೂನ್‌ನಲ್ಲಿ ಇರುವ ಹಾಗೆ. ಮಕ್ಕಳು ಅಲ್ಲೇ ಉಳಿದರು. ನಾವಿಬ್ಬರೂ ಟ್ರ್ಯಾಮ್ ಹತ್ತಿದೆವು. ರೈಮೊ ಖಾಲಿ ಕೇಕಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಒಂದೆರಡು ನಿಲ್ದಾಣ ಕಿಟಕಿಯಾಚೆ ನೋಡಿದ.

"ಅವಳದು ಒಂದೇ ಅಂತ ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಮತ್ತೆ ಯಾಕೆ ಹಾಗಂದೆ?"

"ನಿನ್ನ ಮೇಲೆ ಯಾರೇನಂದ್ರೂ ನೀನು ತಡ್ಕೋತೀಯ. ನಿನ್ನ ಹುಡುಗರ ಮೇಲೆ ಒಂದು ತಪ್ಪು ಜಾಸ್ತಿ ಹಾಕಿದ್ರೆ ತಡ್ಕೊಳ್ಳಲ್ಲ."

ಅವನು ಡಬ್ಬಿಯ ಮುಚ್ಚಳವನ್ನು ತೆಗೆದು ಮತ್ತೆ ಹಾಕಿದ. ಎದುರಿನ ಸೀಟಿನ ಹುಡುಗಿ ರೈಮೊನ ಬಾಲದಂಗಿಯನ್ನು ನೋಡಿ ನಕ್ಕಳು.

"ಎರಡನೇದು ಒಡೆದದ್ದು ನಾನು ಅಂತ ಈಗ ಊರಿಗೆಲ್ಲ ಗೊತ್ತಾಯ್ತಲ್ಲ," ಎಂದ.

"ಆಗಲಿ ಬಿಡು," ಎಂದೆ. "ಇನ್ನು ನಿನ್ನನ್ನ ಯಾರೂ ಕೆಲಸದಿಂದ ತೆಗೆಯಲ್ಲ."